ಕನ್ನಡ ನಾಡಿನಲ್ಲಿ ಅಕ್ಷರಾಭ್ಯಾಸ: ಮರಳು, ಕಡತ, ಅಕ್ಷರಮಾಲೆ

ಕನ್ನಡ ಮಕ್ಕಳು ಮೊದಲ ಅಕ್ಷರವನ್ನು ಕಲಿಯುತ್ತಿದ್ದ ಬಗೆಯನ್ನು ತಿಳಿಯಲು ಇರುವ ಹಳೆಯ ದಾಖಲೆಗಳಲ್ಲಿ, ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಮದರಾಸಿಗೆ ಕಳುಹಿಸಿದ ವರದಿಗೆ ವಿಶೇಷ ಸ್ಥಾನವಿದೆ. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಕೇಳಿದ್ದ ಮಾಹಿತಿಗೆ ಉತ್ತರವಾಗಿ ಸಿದ್ಧವಾದ ಈ ವರದಿಯ ಪ್ರಕಾರ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60 ಎಂಬುದನ್ನು ಆ ಕಾಲದ ಶಿಕ್ಷಣವನ್ನು ಹೊಗಳುವವರು ಮರೆಯುವಂತಿಲ್ಲ.

ಮಗು ಅಕ್ಷರವನ್ನು ಬಾಯಿಪಾಠದಿಂದ ಆರಂಭಿಸದೆ, ನೆಲದಲ್ಲಿ ಹರಡಿದ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯುತ್ತಿತ್ತೆಂದೂ, ಬೆರಳು ಪಳಗಿದ ಮೇಲಷ್ಟೇ ಓಲೆ, ಕಾಗದ, ಹಲಗೆ ಅಥವಾ ಕಡತದ ಮೇಲೆ ಬರೆಯುವ ಅವಕಾಶ ಪಡೆಯುತ್ತಿತ್ತೆಂದೂ ಕ್ಯಾಂಬೆಲ್ ವಿವರಿಸುತ್ತಾನೆ. ಕಡತವೆಂದರೆ ಬಟ್ಟೆಗೆ ಗಂಜಿ ಹಾಕಿ ಗಡುಸಾಗಿಸಿ, ಪುಸ್ತಕದಂತೆ ಮಡಿಚಿ, ಇದ್ದಿಲಪುಡಿ ಮತ್ತು ಅಂಟುಗಳ ಮಿಶ್ರಣವನ್ನು ಬಳಿದು ಮಾಡಿದ ಕಪ್ಪು ಹಾಳೆ. ಅದರ ಮೇಲೆ ಬಳಪದಿಂದ ಬರೆದುದನ್ನು ಒದ್ದೆ ಬಟ್ಟೆಯಿಂದ ಅಳಿಸಬಹುದಾಗಿತ್ತು. ಇಂತಹುದೇ ಮರಳಿನ ಬರಹವನ್ನು ಮದರಾಸಿನ ಬಳಿ ಕಂಡ ಆಂಡ್ರ್ಯೂ ಬೆಲ್, 1789ರಿಂದ ತಾನು ನೋಡಿಕೊಳ್ಳುತ್ತಿದ್ದ ಅನಾಥಾಲಯದಲ್ಲಿ ಅದನ್ನು ಅಳವಡಿಸಿಕೊಂಡು, 1797ರಲ್ಲಿ ಅದರ ಕುರಿತು ಪುಸ್ತಕ ಪ್ರಕಟಿಸಿದ. ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ಪದ್ಧತಿಯೊಡನೆ ಅದು ಇಂಗ್ಲೆಂಡಿನ ಶಾಲೆಗಳನ್ನೂ ಸೇರಿತು.

ಮರಳಿನ ಮೇಲೆ ತಿದ್ದಿದ ಅಕ್ಷರಗಳ ಅನುಕ್ರಮದಲ್ಲಿಯೇ ಒಂದು ಧ್ವನಿಶಾಸ್ತ್ರ ಅಡಗಿದೆ. ಕವರ್ಗ ಗಂಟಲಿನ ಬಳಿ ಹುಟ್ಟಿದರೆ, ಚವರ್ಗ, ಟವರ್ಗ, ತವರ್ಗಗಳು ಕ್ರಮವಾಗಿ ಬಾಯಿಯ ಮುಂಭಾಗಕ್ಕೆ ಸಾಗುತ್ತ, ಪವರ್ಗ ತುಟಿಗಳಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ. ಆದುದರಿಂದ ಇಂಗ್ಲಿಷ್ ಮಗುವಿನಂತೆ ಅಕ್ಷರದ ಹೆಸರನ್ನು ಒಮ್ಮೆ, ಅದು ಸೂಚಿಸುವ ಧ್ವನಿಯನ್ನು ಇನ್ನೊಮ್ಮೆ ಕಲಿಯುವ ಹೊರೆ ಕನ್ನಡದ ಮಗುವಿಗೆ ಇಲ್ಲ. ಅದರ ಹೊರೆ ಬೇರೆಡೆ ಇದೆ: ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ಸಾಗುವ ಕಾಗುಣಿತ, ಅಂದರೆ ಒಂದೊಂದು ವ್ಯಂಜನಕ್ಕೂ ಸ್ವರಚಿಹ್ನೆಗಳನ್ನು ಕೂಡಿಸುವ ಪಾಠ, ಮತ್ತು ಅದರಾಚೆಗಿನ ಒತ್ತಕ್ಷರಗಳು 49 ಅಕ್ಷರಗಳನ್ನು ನೂರಾರು ರೂಪಗಳಾಗಿ ಬೆಳೆಸುತ್ತವೆ.

ಮುದ್ರಿತ ಬಾಲಬೋಧೆಗಳು ಬಂದ ಮೇಲೆ, ಪದದ ಮೊದಲ ಧ್ವನಿಯನ್ನು ಚಿತ್ರದೊಡನೆ ಹೊಂದಿಸುವ ‘ಅ–ಅಗಸ, ಆ–ಆನೆ’ ಮಾದರಿ ಮನೆಮನೆಯ ಮಾತಾಯಿತು. ಸ್ವರಗಳಲ್ಲಿ ಸಲೀಸಾಗಿ ನಡೆಯುವ ಈ ಕ್ರಮ ವ್ಯಂಜನಗಳಲ್ಲಿ ಎಡವುತ್ತದೆ. ‘ಣ’ ಮತ್ತು ‘ಳ’ಗಳು ಬಳಕೆಯ ಕನ್ನಡ ಪದಗಳ ಆದಿಯಲ್ಲಿ ಬರುವುದಿಲ್ಲ, ‘ಬಾಣ’, ‘ಕೊಳ’ ಮುಂತಾದ ಪದಗಳ ಕೊನೆಯಲ್ಲಿ ಅವನ್ನು ತೋರಿಸಬೇಕಾಗುತ್ತದೆ, ಇನ್ನು ‘ಙ’, ‘ಞ’ಗಳಿಗಂತೂ ಮಗು ಬಲ್ಲ ಪದವೇ ಸಿಗದು. ಅಲ್ಲದೆ ‘ಕ’ ಎಂಬುದು ಒಂಟಿ ಧ್ವನಿಯಲ್ಲ, ‘ಅ’ಕಾರವನ್ನು ಒಳಗೊಂಡ ಉಚ್ಚಾರದ ಘಟಕ; ‘ಕಿಟಕಿ’ಯ ಮೊದಲಲ್ಲಿ ಮಗು ಕೇಳುವುದು ‘ಕಿ’ಯನ್ನೇ ಹೊರತು ‘ಕ್’ ಎಂಬುದನ್ನಲ್ಲ. ಆದುದರಿಂದ ಆದಿಧ್ವನಿಯ ಪಾಠವನ್ನು ಇಂಗ್ಲಿಷಿನಿಂದ ಹಾಗೆಯೇ ಎತ್ತಿ ತರುವುದು ಕನ್ನಡಕ್ಕೆ ಒಗ್ಗುವ ಕ್ರಮವಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿ ಶಾಸ್ತ್ರೀಯ ಅನುಕ್ರಮವನ್ನು ಆರಂಭದ ಪಾಠಗಳಲ್ಲಿ ಬದಿಗಿಟ್ಟು, ಬರೆಯಲು ಸುಲಭವಾದ ಮತ್ತು ಬೇಗನೆ ಪದಗಳಾಗಬಲ್ಲ ಅಕ್ಷರಗಳನ್ನು ಮುಂದೆ ತಂದಿತು. ವರ್ಣಮಾಲೆಯ ಧ್ವನಿವಿವೇಕವನ್ನು ಮಗು ಮುಂದೆಯೂ ಅರಿಯಬಹುದು. ಓದಬಲ್ಲೆನೆಂಬ ಧೈರ್ಯ ಮಾತ್ರ ಮೊದಲ ವಾರಗಳಲ್ಲಿಯೇ ಹುಟ್ಟಬೇಕಾದುದು. ರ, ಗ, ಸ, ದ, ಅ ಎಂಬ ಮೊದಲ ಐದು ಅಕ್ಷರಗಳು ಮುಗಿಯುವ ಹೊತ್ತಿಗೆ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ತಾನೇ ಓದುತ್ತದೆ.