ಲಿನಕ್ಸ್‌ನಲ್ಲಿ ಎರಡನೆಯ ಡೆಸ್ಕ್‌ಟಾಪ್: ಡೆಬಿಯನ್‌ನಿಂದ ಕುಬುಂಟುವರೆಗೆ

1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಪರದೆ, ಕೀಲಿಮಣೆ ಮತ್ತು ಮೌಸ್‌ಗಳ ನಿರ್ವಹಣೆಯನ್ನಷ್ಟೇ ತನ್ನಲ್ಲಿಟ್ಟುಕೊಂಡಿತು. ಕಿಟಕಿಗೆ ಚೌಕಟ್ಟು ಹಾಕುವುದು, ಅದನ್ನು ಸರಿಸುವುದು, ಮೆನು ತೋರಿಸುವುದು ಬೇರೆ ಪ್ರೋಗ್ರಾಂಗಳ ಪಾಲಿಗೆ ಬಂದವು. ಒಂದೇ ಗಣಕದಲ್ಲಿ ಎರಡು ಡೆಸ್ಕ್‌ಟಾಪ್‌ಗಳನ್ನು ಇಟ್ಟುಕೊಳ್ಳಲು ಬೇಕಾದ ತಾಂತ್ರಿಕ ಅವಕಾಶ ಹೀಗೆ ಮೊದಲಿನಿಂದಲೂ ಇತ್ತು. ಆದರೂ ಅದು ಕೈಗೂಡಲು ಹಲವು ವರ್ಷ ಹಿಡಿಯಿತು. ಮೊದಲು ಅಡ್ಡ ಬಂದದ್ದು ತಂತ್ರಜ್ಞಾನವಲ್ಲ, ಪರವಾನಗಿ.

1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆಯನ್ನು ಪ್ರಕಟಿಸಿದರು. ಕೆಡಿಇಯ ಬಹುಪಾಲು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿತ್ತು. ಆದರೆ ಅದಕ್ಕೆ ಆಧಾರವಾಗಿದ್ದ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಗ್ರಂಥಾಲಯ ಆಗ ಪೂರ್ಣ ಅರ್ಥದಲ್ಲಿ ಮುಕ್ತವಾಗಿರಲಿಲ್ಲ. ಮರುವರ್ಷ ಮಿಗೆಲ್ ಡಿ ಇಕಾಸಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಆರಂಭಿಸಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ. 1998ರ ಅಕ್ಟೋಬರ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಿಪಿಎಲ್ ಮತ್ತು ಕ್ಯೂಟಿಯ ಪರವಾನಗಿಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಕೆಡಿಇಯನ್ನು ತನ್ನ ಭಂಡಾರದಿಂದಲೇ ತೆಗೆದುಹಾಕಿತು. ಬಳಕೆದಾರರಿಗೆ ಬೇಕಾಗಿದ್ದ ತಂತ್ರಾಂಶವನ್ನು ಕಾನೂನಿನ ಸೂಕ್ಷ್ಮಕ್ಕಾಗಿ ಕೈಬಿಟ್ಟದ್ದು ಹಲವರಿಗೆ ಹಟವಾಗಿ ಕಂಡಿತು. ಆದರೆ ಟ್ರೋಲ್‌ಟೆಕ್ ಮೇಲೆ ಒತ್ತಡ ಬಿದ್ದದ್ದೂ ಇಂಥ ನಿಲುವುಗಳಿಂದಲೇ. 2000ದ ಸೆಪ್ಟೆಂಬರ್‌ನಲ್ಲಿ ಕ್ಯೂಟಿ ಜಿಪಿಎಲ್ ಅಡಿ ಬಂತು. ಕೆಡಿಇ ಡೆಬಿಯನ್‌ಗೆ ಮರಳಿತು. ಅದನ್ನು ಒಳಗೊಂಡ ಸ್ಥಿರ ಆವೃತ್ತಿ, ಡೆಬಿಯನ್ 3.0, ಹೊರಬರುವಷ್ಟರಲ್ಲಿ 2002 ಆಗಿತ್ತು.

ಗ್ನೋಮ್ ಮತ್ತು ಕೆಡಿಇ ಎರಡನ್ನೂ ಒಟ್ಟಿಗೆ ಹಾಕಿಕೊಂಡವರಿಗೆ ಆಗ ಬೇರೆ ತೊಂದರೆ ಎದುರಾಯಿತು. ಮೆನುವಿನ ಕಡತಗಳ ಸ್ವರೂಪ, ಕ್ಲಿಪ್‌ಬೋರ್ಡ್‌ನ ವರ್ತನೆ, ಪ್ರೋಗ್ರಾಂಗಳು ಪರಸ್ಪರ ಸಂದೇಶ ಕಳಿಸುವ ಬಗೆ ಎಲ್ಲವೂ ಒಂದೊಂದರಲ್ಲಿ ಒಂದೊಂದು ತರ. 2002ರಲ್ಲಿ ರೆಡ್‌ಹ್ಯಾಟ್ 8.0 ಬ್ಲೂಕರ್ವ್ ಎಂಬ ಒಂದೇ ಅಲಂಕಾರವನ್ನು ಎರಡಕ್ಕೂ ತೊಡಿಸಿದಾಗ ಕೆಡಿಇ ಅಭಿಮಾನಿಗಳು ಸಿಟ್ಟಾದರು. ಬಣ್ಣ ಒಂದಾಯಿತೇ ಹೊರತು ಒಳಗಿನ ಭಿನ್ನತೆ ಉಳಿಯಿತು. ನಿಜವಾದ ಪರಿಹಾರ ಬಂದದ್ದು 2000ದಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಆರಂಭಿಸಿದ ಫ್ರೀಡೆಸ್ಕ್‌ಟಾಪ್ ಯೋಜನೆಯಿಂದ. ಮೆನು ಮತ್ತು ಸಂರಚನಾ ಕಡತಗಳಿಗೆ ಅಲ್ಲಿ ಸಾಮಾನ್ಯ ನಿಯಮಗಳು ರೂಪುಗೊಂಡವು. ಒಂದು ಪ್ರೋಗ್ರಾಂ ಯಾವ ಡೆಸ್ಕ್‌ಟಾಪ್‌ನ ಮೆನುವಿನಲ್ಲಷ್ಟೇ ಕಾಣಬೇಕೆಂದು ಅದರ ಕಡತದಲ್ಲೇ ಒಂದು ಸಾಲಿನಲ್ಲಿ ಬರೆದಿಡಬಹುದಾಯಿತು. ಸಂದೇಶ ವಿನಿಮಯಕ್ಕೆ ಡಿ-ಬಸ್ ಬಂತು. 2008ರ ಕೆಡಿಇ 4 ತನ್ನದೇ ಹಳೆಯ ಡಿಕಾಪ್ ಬಿಟ್ಟು ಅದನ್ನೇ ಅಪ್ಪಿಕೊಂಡಿತು.

ಕನ್ನಡದಂಥ ಲಿಪಿಗಳಿಗೂ ಈ ಇಬ್ಬಗೆ ತಟ್ಟಿತ್ತು. ಒತ್ತಕ್ಷರಗಳನ್ನು ಜೋಡಿಸುವ ಕೆಲಸವನ್ನು ಗ್ನೋಮ್‌ನಲ್ಲಿ ಪ್ಯಾಂಗೋ, ಕೆಡಿಇಯಲ್ಲಿ ಕ್ಯೂಟಿ ಬೇರೆಬೇರೆಯಾಗಿ ಮಾಡುತ್ತಿದ್ದವು. ಮುಂದೆ ಎರಡೂ ಹಾರ್ಫ್‌ಬಝ್ ಎಂಬ ಒಂದೇ ಗ್ರಂಥಾಲಯಕ್ಕೆ ಬಂದವು. ಪರದೆಯ ಮೇಲಿನ ಪದಗಳ ಅನುವಾದವನ್ನು ಮಾತ್ರ ಇಂದಿಗೂ ಎರಡು ಯೋಜನೆಗಳಿಗೆ ಪ್ರತ್ಯೇಕವಾಗಿ ಮಾಡಬೇಕು.

2004ರ ಅಕ್ಟೋಬರ್‌ನಲ್ಲಿ ಗ್ನೋಮ್‌ನೊಂದಿಗೆ ಹೊರಬಂದ ಉಬುಂಟು ಎಂಬ ಲಿನಕ್ಸ್ ವಿತರಣೆ, 2005ರ ಏಪ್ರಿಲ್‌ನಲ್ಲಿ ಕೆಡಿಇಗಾಗಿ ಕುಬುಂಟುವನ್ನು ಸೇರಿಸಿತು. ಭಂಡಾರ ಒಂದೇ, ತಿರುಳೂ ಒಂದೇ. ಬೇರೆಯಾದದ್ದು ಸಿಡಿ ಮಾತ್ರ. ಇದ್ದ ಉಬುಂಟುವಿಗೇ ಕುಬುಂಟು-ಡೆಸ್ಕ್‌ಟಾಪ್ ಎಂಬ ಒಂದು ಪ್ಯಾಕೇಜ್ ಹಾಕಿದರೆ ಅದು ಉಳಿದವನ್ನೆಲ್ಲ ಎಳೆದುಕೊಂಡು ಬರುತ್ತಿತ್ತು. ಲಾಗಿನ್ ಪರದೆಯಾಗಿ ಗ್ನೋಮ್‌ನ ಜಿಡಿಎಂ ಬೇಕೋ ಕೆಡಿಇಯ ಕೆಡಿಎಂ ಬೇಕೋ ಎಂದು ಕೇಳುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಲಾಗಿನ್‌ನಲ್ಲೂ ಡೆಸ್ಕ್‌ಟಾಪ್ ಆರಿಸಿಕೊಳ್ಳಬಹುದಿತ್ತು. ಸೇರಿಸುವುದು ಇಷ್ಟು ಸುಲಭವಾದರೂ ಪೂರ್ತಿ ತೆಗೆಯುವುದು ಅಷ್ಟು ಸುಲಭವಲ್ಲ: ಆ ಪ್ಯಾಕೇಜ್ ಅಳಿಸಿದರೂ ಅದು ತಂದ ನೂರಾರು ಪ್ಯಾಕೇಜ್‌ಗಳು ತಾವಾಗಿ ಹೋಗುವುದಿಲ್ಲ, ಬಳಕೆದಾರನ ಕೋಶದಲ್ಲಿನ ಸಂರಚನಾ ಕಡತಗಳೂ ಉಳಿಯುತ್ತವೆ.

2012ರಲ್ಲಿ ಕುಬುಂಟುವಿಗೆ ಹಣ ಕೊಡುವುದನ್ನು ಉಬುಂಟುವಿನ ಕಂಪನಿ ಕ್ಯಾನೋನಿಕಲ್ ನಿಲ್ಲಿಸಿತು. ಬ್ಲೂ ಸಿಸ್ಟಮ್ಸ್ ಎಂಬ ಕಂಪನಿ ಪ್ರಾಯೋಜಕತ್ವ ವಹಿಸಿಕೊಂಡಿತು. ಮುಖ್ಯ ಉಬುಂಟು 2011ರಲ್ಲಿ ಯೂನಿಟಿ ಎಂಬ ಬೇರೆ ಡೆಸ್ಕ್‌ಟಾಪ್‌ಗೆ ಹೋಗಿ 2017ರಲ್ಲಿ ಗ್ನೋಮ್‌ಗೆ ಮರಳಿತು. ಎರಡನೆಯದಾಗಿ ಬಂದ ಕುಬುಂಟು ಆ ಅವಧಿಯುದ್ದಕ್ಕೂ ಕೆಡಿಇಯಲ್ಲೇ ಉಳಿಯಿತು.