ಓಲೆಯ ಪ್ರತಿಗಳೂ ಗಣಕಯಂತ್ರದ ಡಿಸ್ಕುಗಳೂ

ಗ್ರಂಥವನ್ನು ರಚಿಸುವುದು ಒಂದು ಕಾರ್ಯ. ರಚಿತವಾದುದನ್ನು ಉಳಿಸುವುದು ಬೇರೊಂದು ಕಾರ್ಯ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದವರು ಮೊದಲನೆಯದನ್ನು ವಿಸ್ತಾರವಾಗಿ ಹೇಳಿರುವರು. ಎರಡನೆಯದಕ್ಕೆ ಅವರು ಕೊಟ್ಟಿರುವ ಸ್ಥಳವು ಸ್ವಲ್ಪವೇ. ಆದರೆ ಪ್ರಾಚೀನ ಕವಿಗಳ ಪೈಕಿ ಯಾರ ಯಾವ ಕೃತಿ ನಮ್ಮ ಕೈಗೆ ಬಂದಿದೆ ಎಂಬುದನ್ನು ವಿಚಾರಿಸಹೊರಟರೆ, ಕವಿಯ ಪ್ರತಿಭೆಯಷ್ಟೇ ಲಿಪಿಕಾರನ ಕಂಟವೂ ಮುಖ್ಯವೆಂದು ತೋರಿಬರುತ್ತದೆ.

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿದ್ದ ಪೊನ್ನನು ಶಾಂತಿಪುರಾಣವನ್ನೂ ಭುವನೈಕರಾಮಾಭ್ಯುದಯವನ್ನೂ ಬರೆದನು. ಇವುಗಳಲ್ಲಿ ಶಾಂತಿಪುರಾಣವು ಇಂದಿಗೂ ಓದಸಿಗುತ್ತದೆ, ಭುವನೈಕರಾಮಾಭ್ಯುದಯವು ನಷ್ಟವಾಗಿಹೋಗಿದೆ. ಒಬ್ಬನೇ ಕವಿ, ಒಂದೇ ಕಾಲ. ಆದರೂ ಎರಡು ಕಾವ್ಯಗಳಿಗೆ ಎರಡು ಗತಿ. ಚಾಲುಕ್ಯರ ದಂಡನಾಯಕ ನಾಗದೇವನ ಪತ್ನಿಯಾದ ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ತಾಳೆಗರಿ, ಎಷ್ಟು ಲಿಪಿಕಾರರು, ಎಷ್ಟು ಕಾಲ ಬೇಕಾಗಿದ್ದಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇನ್ನೊಂದು ಕಾವ್ಯಕ್ಕೂ ಇಂತಹ ಒಬ್ಬ ಪುಣ್ಯವಂತೆ ದೊರೆತಿದ್ದರೆ ಅದೂ ಉಳಿಯುತ್ತಿತ್ತೆಂದು ಪ್ರಮಾಣ ಮಾಡಿ ಹೇಳಲಾಗದು. ಆದರೆ ಸಾವಿರ ಪ್ರತಿಯಾದುದು ಉಳಿಯಿತು ಎಂಬಷ್ಟು ನಿಶ್ಚಯ. ಇದೇ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನನ ಪರಶುರಾಮಚರಿತವೂ ಇಂದು ಹೆಸರು ಮಾತ್ರವಾಗಿರುವುದು.

ಪ್ರತಿಗಳ ಸಂಖ್ಯೆಯೊಂದೇ ಸಾಲದು, ಅವು ಇರುವ ಸ್ಥಳವೂ ಬೇರೆಬೇರೆಯಾಗಿರಬೇಕೆಂಬುದಕ್ಕೆ ದಕ್ಷಿಣ ಕನ್ನಡದ ಮೂಡಬಿದಿರೆಯೇ ನಿದರ್ಶನ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮವೂ ಅದಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯೂ ಭರತಖಂಡದ ಬೇರೆ ಯಾವ ಭಂಡಾರದಲ್ಲಿಯೂ ಉಳಿಯದೆ ಅಲ್ಲಿಯ ಸಿದ್ಧಾಂತ ಬಸದಿಯೊಂದರಲ್ಲಿಯೇ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದಿದ್ದುವು. ಧವಲೆಗೆ ಒಂದಲ್ಲ, ಮೂರು ಓಲೆಪ್ರತಿಗಳಿದ್ದುವು. ಮೂರೂ ಒಂದೇ ಬಸದಿಯಲ್ಲಿ! ಅವುಗಳಲ್ಲಿಯೂ ಎರಡು ಅಪೂರ್ಣ. ಮಹಾಧವಲವೆನಿಸಿದ ಮಹಾಬಂಧಕ್ಕಂತೂ ಇದ್ದುದು ಒಂದೇ ಪ್ರತಿ. ಅದರ ಕೆಲವು ಓಲೆಗಳು ನಷ್ಟವಾಗಿದ್ದುವು, ಆ ಓಲೆಗಳ ಪಾಠವು ಮತ್ತೆ ದೊರೆಯಲಿಲ್ಲ. ಒಂದು ಕಿಡಿಯೋ ಒಂದು ಸೋರುವ ಮಾಡೋ ಸಾಕಾಗಿದ್ದಿತು, ಎಲ್ಲವೂ ಮುಗಿದುಹೋಗಲು. ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರು ಅವನ್ನು ಪೂಜಿಸಿದರು, ದರ್ಶನ ಮಾಡಿಸಿದರು. ಹೊರಗೆ ಕಳುಹಿಸಲು ಮಾತ್ರ ಅಂಜಿದರು. ಅವರ ಭಕ್ತಿಯನ್ನು ಹಳಿಯಬೇಕಾದುದಿಲ್ಲ; ಅದಿಲ್ಲದಿದ್ದರೆ ಪ್ರತಿ ಮಾಡಲು ಮೂಲವೇ ಇರುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಮೊದಲಾಯಿತು. ಒಂದು ಪ್ರತಿ ಉತ್ತರದ ಸಹಾರನಪುರವನ್ನು ಸೇರಿ, ಅಲ್ಲಿಂದ ಬೇರೆ ಊರುಗಳಿಗೂ ಹರಡಿತು. 1939ರಿಂದ 1958ರವರೆಗೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಸಹಿತವಾದ ಗ್ರಂಥವು 16 ಸಂಪುಟಗಳಾಗಿ ಅಚ್ಚಾದಮೇಲೆಯೇ ಅದಕ್ಕೆ ನಿಜವಾದ ಅಭಯ ದೊರೆತುದು.

ಓಲೆಯ ಮಾತಂತಿರಲಿ, ಶಿಲೆಯೂ ಶಾಶ್ವತವಲ್ಲ. ಬಿ. ಎಲ್. ರೈಸರು ಊರೂರು ಸುತ್ತಿ ಬರೆಯಿಸಿಕೊಂಡ ಬೆಂಗಳೂರು ಜಿಲ್ಲೆಯ ಶಾಸನಗಳು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಹೊರಬಂದುವು. ಆ ಕಲ್ಲುಗಳಲ್ಲಿ ಹಲವು ಇಂದು ಇಲ್ಲ. ಕಲ್ಲು ಹೋಗಿ ಕಾಗದ ಉಳಿಯಿತು. ಏಕೆಂದರೆ ಕಲ್ಲು ಒಂದು, ಅಚ್ಚಾದ ಪ್ರತಿಗಳು ಹಲವು. ಉಳಿದಿರುವ ಕಲ್ಲುಗಳ ಮೇಲ್ಮೈಯನ್ನು ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಸ್ಕ್ಯಾನರಿನ ಮೂಲಕ ಮೂರು ಆಯಾಮಗಳ ಚಿತ್ರಗಳಾಗಿ ಸಂಗ್ರಹಿಸತೊಡಗಿದರು. ಈ ಚಿತ್ರಗಳು ಓಲೆಯ ಮೇಲಾಗಲಿ ಕಾಗದದ ಮೇಲಾಗಲಿ ಇರುವುವಲ್ಲ. ಗಣಕಯಂತ್ರದ ಡಿಸ್ಕುಗಳಲ್ಲಿ ಇರತಕ್ಕವು. ಆದಕಾರಣ ಇನ್ನುಮೇಲೆ ಪ್ರತಿರಕ್ಷಣೆಯ ವಿಚಾರವೆಂದರೆ ಡಿಸ್ಕಿನ ವಿಚಾರವೇ ಆಗುವುದು.

ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಲಾಗದು. ಉತ್ತರಹಳ್ಳಿಯ ದಾರಿಯಲ್ಲಿರುವ ಚಿಕ್ಕಲಸಂದ್ರವು ಹಿಂದೆ ಹಳ್ಳಿಯಾಗಿದ್ದು ಈಗ ಬೆಂಗಳೂರಿನೊಳಗೇ ಸೇರಿಹೋಗಿದೆ. ಹೆಸರಿನ ಕೊನೆಯ 'ಸಂದ್ರ'ವು ಕೆರೆಯನ್ನು ಸೂಚಿಸುವ 'ಸಮುದ್ರ'ದ ತದ್ಭವ. ಇಂತಹ ಬಡಾವಣೆಗಳ ಮನೆಗಳಲ್ಲಿ ಹಿಂದೆ ಮರದ ಪೆಟ್ಟಿಗೆಯಲ್ಲಿರುತ್ತಿದ್ದ ಕ್ರಯಪತ್ರದ ನಕಲು, ಮದುವೆಯ ಚಿತ್ರ, ತೀರಿಕೊಂಡ ಹಿರಿಯರ ಧ್ವನಿ, ಮಕ್ಕಳ ವಿದ್ಯೆಯ ದಾಖಲೆ ಎಲ್ಲವೂ ಈಗ ಗಣಕಯಂತ್ರದೊಳಗೆ ಸೇರಿವೆ. 1956ರಲ್ಲಿ ಐಬಿಎಂ ಕಂಪನಿಯು ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದು, ಅಷ್ಟರಲ್ಲಿಯೂ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಈಗ ಅಂಗೈಯಗಲದ ಡಿಸ್ಕಿನಲ್ಲಿ ಒಂದು ಗ್ರಂಥಭಂಡಾರವೇ ಅಡಗುತ್ತದೆ. ಅಡಗಿದುದೆಲ್ಲವೂ ಒಂದೇ ಕ್ಷಣದಲ್ಲಿ ಹೋಗಬಹುದೆಂಬುದೂ ಅಷ್ಟೇ ದಿಟ.

ಆದ್ದರಿಂದ ಜನರು ಒಂದು ಯಂತ್ರದಲ್ಲಿಯೇ ಎರಡು ಮೂರು ಡಿಸ್ಕುಗಳನ್ನು ಇರಿಸುವರು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ವಿದ್ವಾಂಸರು ಹಲವು ಅಗ್ಗದ ಡಿಸ್ಕುಗಳನ್ನು ಕೂಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವ 'ರೇಡ್' ಎಂಬ ಏರ್ಪಾಟನ್ನು ವಿವರಿಸಿದರು. ಅದರ ಒಂದು ಪ್ರಕಾರದಲ್ಲಿ ಮೊದಲ ಡಿಸ್ಕಿನಲ್ಲಿ ಬರೆದುದು ಎರಡನೆಯದರಲ್ಲಿಯೂ ಕನ್ನಡಿಯಲ್ಲಿ ಮೂಡಿದಂತೆ ಕೂಡಲೇ ಮೂಡುವುದು. ಇದು ಉತ್ತಮವಾದ ಉಪಾಯವೇ ಸರಿ. ಆದರೆ ಇದನ್ನೇ ಬ್ಯಾಕಪ್ ಎಂದು ನಂಬುವುದು ಭ್ರಾಂತಿ. ಯಜಮಾನನು ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ ಕನ್ನಡಿಯಲ್ಲಿಯೂ ಅದು ಅಳಿಯುತ್ತದೆ. ಪ್ರಮಾದವನ್ನೂ ನಿಷ್ಠೆಯಿಂದ ಪ್ರತಿ ಮಾಡುವ ಲಿಪಿಕಾರನಂತೆ ಇದು. ಸಿಡಿಲು, ವಿದ್ಯುತ್ತಿನ ಏರಿಳಿತ, ಕಳ್ಳತನ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ, ಇವು ಒಂದು ಪೆಟ್ಟಿಗೆಯಲ್ಲಿರುವ ಮೂರು ಡಿಸ್ಕುಗಳನ್ನೂ ಏಕಕಾಲದಲ್ಲಿ ತಟ್ಟಬಲ್ಲುವು. ಮೂಡಬಿದಿರೆಯ ಮೂರು ಪ್ರತಿಗಳ ಸ್ಥಿತಿಯೇ ಇಲ್ಲಿಯೂ.

ಬ್ಯಾಕಪ್ ಎಂಬುದು ಪ್ರತ್ಯೇಕವಾದ ಪ್ರತಿ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಿರುವ ಡಿಸ್ಕಿನದು ಒಂದು ವಿಧ. ಅದರ ಸಮಗ್ರ ಪಡಿಯಚ್ಚನ್ನು ತೆಗೆದಿಟ್ಟರೆ ಆ ಡಿಸ್ಕು ಕೆಟ್ಟಾಗ ಹೊಸದೊಂದನ್ನು ಅಳವಡಿಸಿ ಯಂತ್ರವನ್ನು ಮೊದಲಿನಂತೆಯೇ ಎಬ್ಬಿಸಬಹುದು. ತಿಂಗಳಿಗೊಮ್ಮೆಯೋ ದೊಡ್ಡ ಬದಲಾವಣೆಗೆ ಮುನ್ನವೋ ಇದನ್ನು ಮಾಡಿದರೆ ಸಾಕು. ಮನೆಯ ಕಾಗದಪತ್ರ ಚಿತ್ರಗಳ ಮಾತು ಬೇರೆ; ಅವು ದಿನವೂ ಬೆಳೆಯುವುವು. ಬದಲಾದುದನ್ನಷ್ಟೇ ಗುರುತಿಸಿ ಪ್ರತಿದಿನ ಪ್ರತಿ ಮಾಡುವ ತಂತ್ರಾಂಶಗಳಿವೆ. ಅವುಗಳಲ್ಲಿ ಹಿಂದಿನ ದಿನಗಳ ಪ್ರತಿಗಳನ್ನೂ ಉಳಿಸಿಡುವಂತಹುದನ್ನೇ ಆರಿಸತಕ್ಕದ್ದು. ನಿನ್ನೆ ಕೆಟ್ಟುದು ಇಂದು ಗೊತ್ತಾಗುವುದೆಂಬ ಭರವಸೆ ಇಲ್ಲವಷ್ಟೆ. ಈ ಪ್ರತಿಗಳು ಯಂತ್ರದೊಳಗಿನ ಬೇರೊಂದು ಡಿಸ್ಕಿನಲ್ಲಿರಬಹುದು. ಆದರೆ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿಯೂ ಇರಬೇಕು. ಪ್ರತಿ ಮಾಡುವ ಹೊತ್ತನ್ನು ಬಿಟ್ಟು ಉಳಿದ ಹೊತ್ತಿನಲ್ಲಿ ಅದಕ್ಕೂ ಯಂತ್ರಕ್ಕೂ ಸಂಬಂಧವಿರಕೂಡದು.

ಪ್ರತಿಯು ಓದಿಸಿಕೊಳ್ಳುತ್ತದೆಯೇ ಎಂದು ನೋಡುವುದನ್ನು ಎಲ್ಲರೂ ಮರೆಯುವರು. 1998ರಲ್ಲಿ ಅಮೆರಿಕದ ಪಿಕ್ಸರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಲನಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋಗತೊಡಗಿದುವು. ಬ್ಯಾಕಪ್ಪನ್ನು ತೆರೆದು ನೋಡಿದರೆ ಅದು ಸರಿಯಾಗಿ ನಡೆದೇ ಇರಲಿಲ್ಲ! ಕೈಗೂಸಿದ್ದುದರಿಂದ ಮನೆಯಲ್ಲಿಯೇ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆಯ ಗಣಕಯಂತ್ರದಲ್ಲಿ ಒಂದು ಪ್ರತಿ ಇದ್ದುದರಿಂದ ಆ ಚಿತ್ರ ಬದುಕಿತು. ಕೋಟಿಗಟ್ಟಲೆ ಹಣ ಸುರಿದ ಏರ್ಪಾಟು ಮಾಡದ ಕೆಲಸವನ್ನು ಮನೆಯೊಂದರ ಮೂಲೆಯ ಯಂತ್ರ ಮಾಡಿತು. ಅದು ಬೇರೆ ಕಡೆ ಇದ್ದುದೇ ಅದರ ಗುಣ.

ಬೇರೆ ಕಡೆ ಎಂದರೆ ದೂರದ ಕಂಪನಿಗಳಿಗೆ ಬಾಡಿಗೆ ಕೊಟ್ಟು ಅವರ ಯಂತ್ರಗಳಲ್ಲಿ ಇಡುವ ಪದ್ಧತಿಯೂ ಈಗ ಬಳಕೆಯಲ್ಲಿದೆ. ಬಾಡಿಗೆ ಬೇಡವೆಂಬ ಗೃಹಸ್ಥರಿಗೆ ಇನ್ನೊಂದು ದಾರಿಯುಂಟು. ಚಿಕ್ಕಲಸಂದ್ರದಲ್ಲಿ ನೆಲಸಿದವರಲ್ಲಿ ಯುಗಾದಿಗೂ ದೀಪಾವಳಿಗೂ ತಮ್ಮ ಊರಿಗೆ ಹೋಗಿಬರುವವರು ಹಲವರು. ಹೋಗುವಾಗ ಹೊಸ ಪ್ರತಿಯ ಡಿಸ್ಕನ್ನು ಒಯ್ದು, ಅಲ್ಲಿ ಕಪಾಟಿನಲ್ಲಿದ್ದ ಹಳೆಯದನ್ನು ತೆರೆದು ನಾಲ್ಕು ಕಡತಗಳನ್ನು ಓದಿ ನೋಡಿ, ಅದನ್ನು ಮುಂದಿನ ಸಲಕ್ಕೆಂದು ಹಿಂದಕ್ಕೆ ತರಬಹುದು. ಎರಡರ ಮೇಲೆಯೂ ಪ್ರತಿ ಮಾಡಿದ ತಾರೀಖನ್ನು ಬರೆದಿರಬೇಕು.