ದರಿಯಾ ದೌಲತ್ತಿನ ಗೋಡೆಗಳು

ರಜೆಯಲ್ಲಿ ನಾಡಿಗೆ ಹೋಗುವ ಮುಂಬಯಿ ಕನ್ನಡಿಗರು ಮಕ್ಕಳಿಗೆ ಮೈಸೂರು ತೋರಿಸದೆ ಹಿಂತಿರುಗುವುದು ಅಪರೂಪ. ದಾರಿಯಲ್ಲಿ ಶ್ರೀರಂಗಪಟ್ಟಣದಲ್ಲಿಳಿದು, ರಂಗನಾಥನ ದರ್ಶನ ಮಾಡಿ, ಕೋಟೆಯ ಹೊರಗಿರುವ ದರಿಯಾ ದೌಲತ್ ಅರಮನೆಯನ್ನು ಅವಸರದಲ್ಲಿ ನೋಡಿ ಮುಂದೆ ಸಾಗುತ್ತೇವೆ. ಅಲ್ಲಿಯ ಗೋಡೆಯ ಚಿತ್ರಗಳು ಎರಡು ಸಲ ಅಳಿದು ಎರಡು ಸಲ ಮರಳಿ ಬಂದವೆಂಬುದು ಬಹು ಮಂದಿಗೆ ತಿಳಿಯದು.

ಈ ಬೇಸಗೆಯ ಅರಮನೆಯನ್ನು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದನು. ಬಹುಪಾಲು ಮರದ ಕಟ್ಟಡ; ಕಂಬಕ್ಕೂ ಗೋಡೆಗೂ ಹೂಬಳ್ಳಿಗಳ ಬಣ್ಣದಲಂಕಾರ. ಪೂರ್ವದ ಗೋಡೆಯ ಮೇಲೆ ದರ್ಬಾರಿನ ದೃಶ್ಯಗಳು. ಪಶ್ಚಿಮದ ಗೋಡೆಯ ಮೇಲೆ ಹೈದರನೂ ಟಿಪ್ಪುವೂ ನಡೆಸಿದ ದಂಡಯಾತ್ರೆ, ಮತ್ತು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದ ಪೊಳ್ಳಿಲೂರು ಯುದ್ಧ. ಇಂಗ್ಲಿಷರ ಸೇನೆ ಚೌಕಾಕಾರವಾಗಿ ನಿಂತಿದೆ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಅವರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ. ಆ ದಿನ ಸೆರೆಸಿಕ್ಕಿದ ಬೇಲಿ 1782ರಲ್ಲಿ ಇದೇ ಶ್ರೀರಂಗಪಟ್ಟಣದಲ್ಲಿ ಮಡಿದನು.

1799ರ ಮುತ್ತಿಗೆಗೆ ಮುಂಚೆಯೇ ಈ ಯುದ್ಧಚಿತ್ರ ಕೆಟ್ಟುಹೋಗಿತ್ತು. ಟಿಪ್ಪು ಮಡಿದ ಮೇಲೆ ಅರಮನೆಯಲ್ಲಿ ವಾಸಕ್ಕೆ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಈತನೇ. ತನ್ನವರು ಸೋತ ಚಿತ್ರವನ್ನು ಆತನು ಅಳಿಸಲಿಲ್ಲ, ಸರಿಪಡಿಸಿದನು! ಆದರೆ ಆತನು ಹೋದ ಮೇಲೆ ಯಾರೋ ಅದಕ್ಕೆ ಸುಣ್ಣ ಬಳಿದರು. ಚಿತ್ರ ಬಹುಮಟ್ಟಿಗೆ ಮರೆಯಾಯಿತು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಪ್ರಭು ಮೈಸೂರಿಗೆ ಬಂದಾಗ ಅದನ್ನು ಮತ್ತೆ ಬರೆಯಿಸಲು ಆಜ್ಞೆ ಮಾಡಿದನು. ಬರೆದವನು ಮೊದಲಿನ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಕಾರ. ಲೂಯಿಸ್ ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾರೆ.

ಹಾಗಾದರೆ ನಾವಿಂದು ಕಾಣುವುದು ಟಿಪ್ಪುವಿನ ಕಾಲದ ಚಿತ್ರವೋ, ಒಬ್ಬನ ನೆನಪಿನ ಚಿತ್ರವೋ? ನಾನು ಬ್ಯಾಂಕಿನ ಗುಮಾಸ್ತ. ಲೆಜರಿನಲ್ಲಿ ಅಂಕಿ ತಪ್ಪಿದರೆ ಕೆರೆದು ಅಳಿಸಕೂಡದು. ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ರುಜು ಹಾಕಬೇಕು. ಹಳೆಯದೂ ಕಾಣಬೇಕು, ತಿದ್ದಿದವನಾರೆಂದೂ ತಿಳಿಯಬೇಕು. ಇಂದಿನ ಸಂರಕ್ಷಣಶಾಸ್ತ್ರದ ನಿಯಮವೂ ಹೆಚ್ಚುಕಡಿಮೆ ಇದೇ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಹಚ್ಚುವುದಿಲ್ಲ. ಧೂಳು, ಮಸಿ ತೆಗೆದು, ಸಡಿಲವಾದ ಗಾರೆಯನ್ನೂ ಬಣ್ಣದ ಹಕ್ಕಳೆಯನ್ನೂ ಭದ್ರಪಡಿಸುತ್ತಾರೆ. ತುಂಬಿದ ಭಾಗ ಹೊಸದೆಂದು ಬಲ್ಲವರಿಗೆ ತಿಳಿಯುವಂತಿರಬೇಕು. ಆ ದೇಶೀಯ ಚಿತ್ರಕಾರನಿಗೆ ಈ ನಿಯಮಗಳಾವುವೂ ತಿಳಿದಿರಲಾರದು. ಆದರೆ ಆತನಿಗೆ ನೆನಪಿರದಿದ್ದರೆ, ಇಂದು ಸಂರಕ್ಷಿಸಲು ಈ ಚಿತ್ರವೇ ಇರುತ್ತಿರಲಿಲ್ಲ.

ಈಗ ಅರಮನೆ ಭಾರತೀಯ ಪುರಾತತ್ತ್ವ ಇಲಾಖೆಯ ವಶದಲ್ಲಿದೆ. 1959ರಿಂದ ಅಲ್ಲೊಂದು ವಸ್ತುಸಂಗ್ರಹಾಲಯವೂ ಇದೆ. ಬಿಸಿಲು ಬಣ್ಣವನ್ನು ಹೀರದಂತೆ ಜಗಲಿಗೆ ಪರದೆ ಇಳಿಬಿಟ್ಟಿದ್ದಾರೆ. ಒಳಗೆ ಕತ್ತಲೆಯೆಂದು ಗೊಣಗುವವರು ಅದರ ಕಾರಣವನ್ನು ತಿಳಿಯಬೇಕು. ಮಕ್ಕಳು ಗೋಡೆ ಮುಟ್ಟದಂತೆ ನೋಡಿಕೊಳ್ಳುವ ಕೆಲಸ ನಮ್ಮದು.

ಊರು ಬಿಟ್ಟು ದೂರ ಬಂದಿರುವ ನಮ್ಮಲ್ಲೂ ಅಜ್ಜ ಅಜ್ಜಿಯರು ನೆನಪಿನಲ್ಲಿ ಉಳಿಸಿಕೊಂಡದ್ದು ಎಷ್ಟೋ ಇದೆ. ಅದನ್ನು ಮಕ್ಕಳು ಕೇಳಿ ಬರೆದಿಡಲಿ. ಹೇಳಿದವರ ಹೆಸರನ್ನೂ ಕೆಳಗೆ ಬರೆಯಲಿ. ಆ ಚಿತ್ರಕಾರನ ಹೆಸರನ್ನು ಯಾರೂ ಬರೆದಿಡಲಿಲ್ಲ.